ಗೋಡೆಗೊಂದು ಅಸಲಿ ಚಿತ್ರ: ಹಳೆಯ ಮುದ್ರಣಗಳನ್ನೂ ಮೂಲ ವರ್ಣಚಿತ್ರಗಳನ್ನೂ ಮನೆಗೆ ಕೊಳ್ಳುವ ಬಗೆ

ಹೊಸ ಮನೆ ಕಟ್ಟಿಸಿದವರು ಸೋಫಾಗೆ ಲಕ್ಷ ರೂಪಾಯಿ ಸುರಿಯುತ್ತಾರೆ. ಗೋಡೆಯ ಸರದಿ ಬಂದಾಗ ಮಾತ್ರ ಆನ್‌ಲೈನಿನಲ್ಲಿ ಏಳು ಕುದುರೆ ಓಡುವ ಕ್ಯಾನ್ವಾಸ್ ಪ್ರಿಂಟ್ ತರಿಸಿ ಮೊಳೆಗೆ ನೇತುಹಾಕುತ್ತಾರೆ. ಅದೇ ಕುದುರೆಗಳು ಪಕ್ಕದ ಮನೆಯಲ್ಲೂ ಓಡುತ್ತಿರುತ್ತವೆ. ಅದಕ್ಕೆ ಕೊಟ್ಟ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿ, ಸ್ವಲ್ಪ ಹುಡುಕಾಡಿದರೆ ಹಳೇ ಕಾಲದ ಕಲ್ಲಚ್ಚಿನ ಲಕ್ಷ್ಮಿ ಸಿಗಬಹುದು. ಕಲಾಶಾಲೆಯ ವಿದ್ಯಾರ್ಥಿ ಕೈಯಾರೆ ಬರೆದ ಜಲವರ್ಣ ಸಿಗಬಹುದು.

ನನ್ನ ವಾದ ಇಷ್ಟೇ. ದೊಡ್ಡ ಹೆಸರಿನ ನಕಲಿಗಿಂತ ಸಣ್ಣ ಹೆಸರಿನ ಅಸಲಿ ಮೇಲು. ಅಸಲಿ ಯಾವುದು ಅಂತ ಹೇಳಲು ಕಣ್ಣು ಪಳಗಬೇಕು. ಅದಕ್ಕೆ ದುಡ್ಡಿಗಿಂತ ಸಮಯ ಜಾಸ್ತಿ ಬೇಕು. ಈ ಮಾರ್ಗದರ್ಶಿ ಬರೆದಿರುವುದು ಕರ್ನಾಟಕದಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಹೊರದೇಶದಲ್ಲಿರುವ ಕನ್ನಡಿಗರಿಗೆ ಬೇಕಾದ ಮಾತೂ ನಡುನಡುವೆ ಬರುತ್ತದೆ.

ಹಂತ 1: ಏನನ್ನು ಕೊಳ್ಳುತ್ತಿದ್ದೇವೆ ಅಂತ ತಿಳಿಯಿರಿ

ಪ್ರಿಂಟ್ ಅಂದ ತಕ್ಷಣ ಝೆರಾಕ್ಸ್ ನೆನಪಾಗುತ್ತದೆ. ಆದರೆ ಕಲಾಲೋಕದಲ್ಲಿ ಎರಡು ಜಾತಿಯ ಪ್ರಿಂಟ್ ಇವೆ. ಒಂದು, ಚಿತ್ರವನ್ನು ತಾಮ್ರದ ತಗಡಿನ ಮೇಲೋ ಮರದ ಮೇಲೋ ಕಲ್ಲಿನ ಮೇಲೋ ಕೈಯಿಂದ ಬಿಡಿಸಿ, ಅಲ್ಲಿಂದ ಕಾಗದಕ್ಕೆ ಒತ್ತಿದ್ದು. ಇನ್ನೊಂದು, ಇರುವ ಚಿತ್ರದ ಫೋಟೋ ತೆಗೆದು ಯಂತ್ರದಲ್ಲಿ ಅಚ್ಚು ಹಾಕಿದ್ದು. ಸಂಗ್ರಹಕಾರರು ಬೆಲೆ ಕೊಡುವುದು ಮುಖ್ಯವಾಗಿ ಮೊದಲನೆಯದಕ್ಕೆ.

ಹಳೆಯದರಲ್ಲಿ ನಮಗೆ ಸಾಮಾನ್ಯವಾಗಿ ಸಿಗುವುದು ಮೂರು ಬಗೆ. ಎನ್‌ಗ್ರೇವಿಂಗ್ ಮತ್ತು ಎಚ್ಚಿಂಗ್ ತಗಡಿನಲ್ಲಿ ಕೊರೆದ ಗೆರೆಗಳಿಂದ ಆಗುತ್ತವೆ. ಒಂದರಲ್ಲಿ ಉಳಿ ಕೊರೆಯುತ್ತದೆ, ಇನ್ನೊಂದರಲ್ಲಿ ಆಸಿಡ್ ಕೊರೆಯುತ್ತದೆ. ಅಕ್ವಟಿಂಟ್ ಕೂಡ ತಗಡಿನದೇ. ಆದರೆ ಅದರಲ್ಲಿ ಗೆರೆ ಕಡಿಮೆ, ಜಲವರ್ಣದ ಹಾಗೆ ಮಬ್ಬು ಛಾಯೆ ಜಾಸ್ತಿ. ಮೂರನೆಯದು ಕಲ್ಲಚ್ಚು, ಅಂದರೆ ಲಿಥೋಗ್ರಾಫ್. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಜಿಡ್ಡು ಮತ್ತು ನೀರು ಒಂದಕ್ಕೊಂದು ಸೇರುವುದಿಲ್ಲ ಎಂಬ ಗುಣವನ್ನೇ ಬಳಸಿ ಅಚ್ಚು ತೆಗೆಯುತ್ತಾರೆ. ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು ಬೇಕು. ತೈಲಚಿತ್ರದಂತೆ ಕಾಣಲಿ ಅಂತ ಅದಕ್ಕೆ ವಾರ್ನಿಷ್ ಬಳಿದರೆ, ಮೇಲ್ಮೈ ತರಿತರಿಯಾಗಿ ಒತ್ತಿದರೆ, ಅದೇ ಓಲಿಯೋಗ್ರಾಫ್.

ಹಂತ 2: ಮೊದಲು ಪುಕ್ಕಟೆಯಾಗಿ ನೋಡಿ

ಕೊಳ್ಳುವ ಮೊದಲು ಕೆಲವು ತಿಂಗಳು ಸುಮ್ನೆ ನೋಡುತ್ತಾ ಹೋಗಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ತೈಲಚಿತ್ರಗಳಿವೆ. ಅವನ್ನು ನೋಡಿದ ಮೇಲೆ ಕಲ್ಲಚ್ಚಿನ ಪ್ರತಿ ನೋಡಿ. ಚರ್ಮದ ಬಣ್ಣ ಯಾಕೆ ಬೇರೆಯಾಗಿ ಕಾಣುತ್ತದೆ, ಸೀರೆಯ ಮಡಿಕೆ ಎಲ್ಲಿ ಚಪ್ಪಟೆಯಾಗಿದೆ ಅಂತ ಕಣ್ಣೇ ಹೇಳುತ್ತದೆ.

ಬೆಂಗಳೂರಿನಲ್ಲಿ ವೆಂಕಟಪ್ಪ ಕಲಾ ಗ್ಯಾಲರಿಗೆ ಹೋದರೆ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲಿನ ಜಲವರ್ಣಗಳನ್ನು ನೋಡಬೇಕು. ಕಾಗದದ ಮೇಲೆ ಮಂಜು ಹೇಗೆ ಕೂರುತ್ತದೆ ಅಂತ ಅಲ್ಲಿ ಕಲಿಯಬಹುದು. ಚಿತ್ರಕಲಾ ಪರಿಷತ್ತಿನಲ್ಲಿ ಮೈಸೂರು ಸಾಂಪ್ರದಾಯಿಕ ಚಿತ್ರಗಳೂ ರಷ್ಯಾ ಮೂಲದ ಚಿತ್ರಕಾರರಾದ ರೋರಿಕ್ ತಂದೆ ಮಗನ ಚಿತ್ರಗಳೂ ಇವೆ. ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಎಂಬ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ, ಎರಡೂ ಅರ್ಧ ದಿನ ಬೇಡುತ್ತವೆ. ಕಲಬುರಗಿ ಕಡೆಯವರು ಎಸ್.ಎಂ. ಪಂಡಿತರ ಚಿತ್ರಗಳನ್ನು ಬಿಡಬೇಡಿ. ಕ್ಯಾಲೆಂಡರಿನ ದೇವರುಗಳಿಗೆ ಸಿನಿಮಾ ನಾಯಕರ ಮೈಕಟ್ಟು ಬಂದದ್ದರಲ್ಲಿ ಅವರ ಕೈ ದೊಡ್ಡದು.

ನೋಡುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಪಕ್ಕದ ಚೀಟಿ ಓದುವ ಮೊದಲು ಮಾಧ್ಯಮ ಯಾವುದು ಅಂತ ಊಹಿಸಿ. ತಪ್ಪಾಗುತ್ತದೆ, ಆಗಲಿ. ಇಲ್ಲಿ ತಪ್ಪಿದರೆ ದುಡ್ಡು ಹೋಗುವುದಿಲ್ಲ.

ಹಂತ 3: ಒಂದು ಹಾದಿ ಹಿಡಿಯಿರಿ

ಕಂಡದ್ದೆಲ್ಲಾ ಕೊಂಡರೆ ಮನೆ ಗುಜರಿ ಅಂಗಡಿ ಆಗುತ್ತದೆ. ಒಂದು ವಿಷಯ ಆರಿಸಿಕೊಂಡರೆ ಜ್ಞಾನವೂ ಬೇಗ ಬೆಳೆಯುತ್ತದೆ, ಮೋಸವೂ ಕಡಿಮೆಯಾಗುತ್ತದೆ. ನಮ್ಮವರಿಗೆ ಹತ್ತಿರವಾದ ಮೂರು ಹಾದಿ ಹೇಳುತ್ತೇನೆ.

ಮೊದಲನೆಯದು ಮೈಸೂರು ಯುದ್ಧಗಳ ಕಾಲದ ಇಂಗ್ಲಿಷ್ ಮುದ್ರಣಗಳು. 1790ರಿಂದ 1792ರ ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದಿದ್ದ. ಅವನ ಮೈಸೂರು ದೃಶ್ಯಗಳು 1794ರಲ್ಲಿ ಎನ್‌ಗ್ರೇವಿಂಗ್ ರೂಪದಲ್ಲಿ ಬಂದವು. ಅದೇ ವರ್ಷ ಸೇನಾಧಿಕಾರಿ ಅಲೆಕ್ಸಾಂಡರ್ ಅಲನ್‌ನ ಗಿರಿದುರ್ಗಗಳ ಚಿತ್ರಗಳೂ ಬಂದವು. ಫಿರಂಗಿ ದಳದ ಜೇಮ್ಸ್ ಹಂಟರ್ 1792ರಲ್ಲೇ ತೀರಿಕೊಂಡ. ಅವನ ಚಿತ್ರಗಳನ್ನು ಲಂಡನ್ನಿನ ಎಡ್ವರ್ಡ್ ಓರ್ಮ್ 1805ರಲ್ಲಿ ಬಣ್ಣದ ಅಕ್ವಟಿಂಟ್ ಆಗಿ ಪ್ರಕಟಿಸಿದ. ಟಿಪ್ಪುವಿನ ಕಾಲದ ಬೆಂಗಳೂರು ಹೇಗಿತ್ತು ಅಂತ ನೋಡಲು ಇವು ಬೇಕೇ ಬೇಕು. ಥಾಮಸ್ ಮತ್ತು ವಿಲಿಯಂ ಡೇನಿಯಲ್ ಅವರ 144 ಅಕ್ವಟಿಂಟ್‌ಗಳ ದೊಡ್ಡ ಸರಣಿ 1795ರಿಂದ 1808ರವರೆಗೆ ಬಂತು. ಅದರ ಬೆಲೆ ಬೇರೆ ಲೆಕ್ಕ.

ಇಲ್ಲಿ ಎರಡು ಎಚ್ಚರ. ಮೈಸೂರು ಅಂತ ಬರೆದಿರುವ ಎಷ್ಟೋ ಕೋಟೆಗಳು ಬಾರಾಮಹಲಿನವು. ಅಂದರೆ ಇವತ್ತಿನ ತಮಿಳುನಾಡಿನ ಕೃಷ್ಣಗಿರಿ ಕಡೆಯವು. ನಮ್ಮೂರು ಅಂತ ಆಸೆಪಟ್ಟು ಕೊಳ್ಳುವ ಮೊದಲು ಹೆಸರನ್ನು ನಕ್ಷೆಯಲ್ಲಿ ಹುಡುಕಿ. ಇನ್ನೊಂದು, ಟಿಪ್ಪುವಿನ ಮಕ್ಕಳನ್ನು ಒತ್ತೆ ಇಟ್ಟದ್ದು, ಶ್ರೀರಂಗಪಟ್ಟಣದ ಮುತ್ತಿಗೆ, ಟಿಪ್ಪುವಿನ ಸಾವು, ಇವುಗಳ ಎಷ್ಟೋ ಚಿತ್ರ ಬರೆದವರು ಭಾರತಕ್ಕೆ ಕಾಲಿಟ್ಟವರೇ ಅಲ್ಲ. ಹೆನ್ರಿ ಸಿಂಗಲ್ಟನ್, ಮಾದರ್ ಬ್ರೌನ್ ಲಂಡನ್ನಿನಲ್ಲೇ ಕೂತು ಬರೆದರು. ಅದರಲ್ಲಿ ನಮ್ಮ ಸೈನಿಕರು ತೊಟ್ಟ ಬಟ್ಟೆ ಇಸ್ತಾಂಬುಲಿನದೋ ಎಲ್ಲಿನದೋ! ಗೆದ್ದವರು ತಮ್ಮ ಜನರಿಗೆ ಮಾರಿದ ಚಿತ್ರ ಇವು. ಹಾಗೆ ತಿಳಿದುಕೊಂಡೇ ಗೋಡೆಗೆ ಹಾಕಿದರೆ ಮಾತಾಡಲು ಒಳ್ಳೇ ವಿಷಯ.

ಎರಡನೆಯದು ಕಲ್ಲಚ್ಚಿನ ದೇವರುಗಳು. ನನಗೆ ಇದೇ ಹೆಚ್ಚು ಇಷ್ಟ, ಹೊಸಬರಿಗೂ ಇದೇ ಸರಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಶುರು ಮಾಡಿದ. ಕೆಲ ವರ್ಷಗಳಲ್ಲಿ ಅದು ಲೋಣಾವಳದ ಬಳಿಯ ಮಳವಲಿಗೆ ಹೋಯಿತು. ಆಮೇಲೆ ಜರ್ಮನಿಯ ತಂತ್ರಜ್ಞ ಫ್ರಿಟ್ಜ್ ಷ್ಲೈಖರ್ ಅದನ್ನು ಕೊಂಡ. ಮುಂದೆ ದಶಕಗಟ್ಟಲೆ ಅಲ್ಲಿಂದ ಲಕ್ಷ್ಮಿ, ಸರಸ್ವತಿ, ಶಕುಂತಲೆ, ದಮಯಂತಿ ಮನೆಮನೆಗೆ ಹರಿದರು. ಪುಣೆಯ ಚಿತ್ರಶಾಲಾ ಪ್ರೆಸ್, ಕಲ್ಕತ್ತಾ ಆರ್ಟ್ ಸ್ಟುಡಿಯೋ ಅದಕ್ಕೂ ಮೊದಲೇ, 1878ರ ಹೊತ್ತಿಗೇ, ಕೆಲಸ ಶುರು ಮಾಡಿದ್ದವು. ಜರ್ಮನಿಯಲ್ಲಿ ಅಚ್ಚಾಗಿ ಬಂದ ದೇವರುಗಳೂ ಇದ್ದಾರೆ.

ಹಳೇ ಮನೆಗಳಲ್ಲಿ ಈ ದೇವಿಯರಿಗೆ ಹೆಂಗಸರು ನಿಜವಾದ ಬಟ್ಟೆಯ ಸೀರೆ ಉಡಿಸಿ, ಜರಿ, ಚಮಕಿ, ಮಣಿ ಹೊಲಿದಿರುವುದು ಕಾಣುತ್ತದೆ. ಅಂಥದ್ದು ಸಿಕ್ಕರೆ ದಯವಿಟ್ಟು ಆ ಬಟ್ಟೆ ಕಿತ್ತು 'ಶುದ್ಧ' ಮಾಡಬೇಡಿ. ಒಂದೇ ಥರದ ಸಾವಿರಾರು ಪ್ರತಿಗಳಲ್ಲಿ ಈ ಒಂದನ್ನು ಬೇರೆ ಮಾಡಿರುವುದೇ ಆ ಹೊಲಿಗೆ.

ಮೂರನೆಯದು ಮೂಲ ಚಿತ್ರಗಳು. ಅದಕ್ಕೆ ಮುಂದೆ ಬೇರೆ ಹಂತವೇ ಇದೆ.

ಹಂತ 4: ಲೆನ್ಸ್ ಹಿಡಿದು ಪರೀಕ್ಷೆ ಮಾಡಿ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ತೆಗೆದುಕೊಳ್ಳಿ. ಒಡವೆ ಅಂಗಡಿಯವರು ಕಣ್ಣಿಗೆ ಒತ್ತಿಕೊಳ್ಳುತ್ತಾರಲ್ಲ, ಅಂಥದ್ದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಮೊದಲು ಮನೆಯ ಪತ್ರಿಕೆಯ ಬಣ್ಣದ ಫೋಟೋ ನೋಡಿ. ನೀಲಿ, ಕೆಂಪು, ಹಳದಿ, ಕಪ್ಪು ಚುಕ್ಕೆಗಳು ಸಾಲುಸಾಲಾಗಿ, ಪುಟ್ಟ ಹೂವಿನ ಆಕಾರದಲ್ಲಿ ಜೋಡಿಸಿಕೊಂಡಿರುತ್ತವೆ. ಆಫ್‌ಸೆಟ್ ಮುದ್ರಣ ಅಂದರೆ ಇದು. ಈ ಜೋಡಣೆಯನ್ನು ಕಣ್ಣು ಒಮ್ಮೆ ನೋಡಿದರೆ ಮರೆಯುವುದಿಲ್ಲ. 1794ರದ್ದು ಅಂತ ಮಾರುವ ಚಿತ್ರದಲ್ಲಿ ಇದು ಕಂಡರೆ ಮಾತು ಮುಗಿಯಿತು. ಲೆನ್ಸ್ ಜೇಬಿಗೆ ಹಾಕಿಕೊಂಡು ಹೊರಡಿ.

ಕಲ್ಲಚ್ಚಿನಲ್ಲೂ ಚುಕ್ಕೆ ಇರುತ್ತದೆ, ಇಲ್ಲಿ ಗಲಿಬಿಲಿ ಬೇಡ. ಆದರೆ ಆ ಚುಕ್ಕೆಗಳು ಕೈಯಿಂದ ಇಟ್ಟವು. ಒಂದು ದಪ್ಪ, ಒಂದು ಸಣ್ಣ, ಒಂದರ ಮೇಲೊಂದು. ಕೆನ್ನೆಯ ಹತ್ತಿರ ಒತ್ತೊತ್ತಾಗಿ, ಹಣೆಯಲ್ಲಿ ಬಿಡಿಬಿಡಿಯಾಗಿ. ಬಣ್ಣವೂ ನಾಲ್ಕಕ್ಕೆ ನಿಲ್ಲುವುದಿಲ್ಲ. ಗುಲಾಬಿಗೇ ಎರಡು ಬಗೆ, ಕಂದಿಗೇ ಎರಡು ಬಗೆ ಸಿಗಬಹುದು. ಅಂಚಿನಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಆಚೆ ಸರಿದಿರುವುದೂ ಉಂಟು. ಕಲ್ಲು ಬದಲಿಸುವಾಗ ಆದ ಜಾರು ಅದು.

ಇತ್ತೀಚಿನ ನಕಲಿಗಳು ಜಾಣ. ಇಂಕ್‌ಜೆಟ್ಟಿನಲ್ಲಿ ಹೂವಿನಾಕಾರ ಬರುವುದಿಲ್ಲ, ಹುಡಿ ಚೆಲ್ಲಿದ ಹಾಗೆ ಸಣ್ಣ ತುಂತುರು ಇರುತ್ತದೆ. ಇದಕ್ಕೆ ಒಂದು ಸುಲಭ ಉಪಾಯ: ಚಿತ್ರ ಬಿಟ್ಟು ಕೆಳಗಿನ ಅಕ್ಷರಗಳನ್ನು ನೋಡಿ. ಅಸಲಿ ಕಲ್ಲಚ್ಚಿನಲ್ಲಿ ಅಕ್ಷರದ ಗೆರೆ ಒಂದೇ ಮಸಿಯದು, ಗಟ್ಟಿಯಾಗಿ ತುಂಬಿರುತ್ತದೆ. ಫೋಟೋ ತೆಗೆದು ಮಾಡಿದ ಪ್ರತಿಯಲ್ಲಿ ಅಕ್ಷರವೂ ಬಣ್ಣಬಣ್ಣದ ಚುಕ್ಕೆಯಾಗಿ ಒಡೆದಿರುತ್ತದೆ.

ಅಕ್ಷರದ ಮಾತು ಬಂತಲ್ಲ, ಅದನ್ನು ಓದುವುದೂ ಮುಖ್ಯ. ರವಿವರ್ಮ ಪ್ರೆಸ್ಸಿನ ಮುದ್ರಣಗಳಲ್ಲಿ ಪ್ರೆಸ್ಸಿನ ಹೆಸರು, ಊರಿನ ಹೆಸರಾಗಿ ಕಾರ್ಲಾ ಅಥವಾ ಲೋಣಾವಳ, ಕೆಲವದರಲ್ಲಿ ಮಾರಾಟಗಾರ ಅನಂತ ಶಿವಾಜಿ ದೇಸಾಯಿ, ಮೋತಿಬಜಾರ್, ಮುಂಬಯಿ ಅಂತ ಇರುತ್ತದೆ. ಹಳೆಯ ಇಂಗ್ಲಿಷ್ ಮುದ್ರಣಗಳ ಕೆಳಗೆ ಎಡಗಡೆ 'ಪಿಂಕ್ಸಿಟ್' ಅಥವಾ 'ಡೆಲ್' ಅಂತಿದ್ದರೆ ಅದು ಚಿತ್ರ ಬರೆದವನ ಹೆಸರು. ಬಲಗಡೆ 'ಸ್ಕಲ್ಪ್ಸಿಟ್' ಅಂತಿದ್ದರೆ ತಗಡಿನಲ್ಲಿ ಕೆತ್ತಿದವನ ಹೆಸರು. ಇಂಗ್ಲೆಂಡಿನಲ್ಲಿ 1735ರ ಕಾನೂನಿನ ಹಕ್ಕು ಸಿಗಬೇಕಾದರೆ ಪ್ರಕಟಣೆಯ ದಿನವನ್ನು ಅಚ್ಚು ಹಾಕಬೇಕಿತ್ತು. ಹಾಗಾಗಿ ದಿನಾಂಕ, ವಿಳಾಸ ಎರಡೂ ಸಿಗುತ್ತವೆ. ಯಾರೋ ಅಂಚು ಕತ್ತರಿಸಿ ಈ ಸಾಲು ಹೋಗಿದ್ದರೆ ಬೆಲೆ ಇಳಿಯಲೇಬೇಕು.

ಈಗ ಬೆರಳು ಬಳಸಿ. ತಗಡಿನಿಂದ ಒತ್ತಿದ ಚಿತ್ರದ ಸುತ್ತ ತಗಡಿನ ಅಂಚು ಕಾಗದದಲ್ಲಿ ತಗ್ಗು ಮಾಡಿರುತ್ತದೆ. ಬೆಳಕನ್ನು ಓರೆಯಾಗಿ ಹಿಡಿದರೆ ಕಾಣುತ್ತದೆ. ಕಲ್ಲಚ್ಚಿನಲ್ಲಿ ಇದು ಇರುವುದಿಲ್ಲ. ಇಲ್ಲ ಅಂತ ಅದನ್ನು ನಕಲಿ ಅನ್ನಬೇಡಿ.

ಕಾಗದವನ್ನು ಬೆಳಕಿಗೆ ಹಿಡಿಯಿರಿ. ಹಳೆಯ ಕೈಕಾಗದದಲ್ಲಿ ಸಾಲುಗೆರೆ ಅಥವಾ ನೀರುಗುರುತು ಕಾಣಬಹುದು. ಇಂಗ್ಲೆಂಡಿನ ಕಾಗದ ತಯಾರಕರಾದ ವಾಟ್‌ಮನ್ ಕಂಪನಿಯ ಹೆಸರು, ಜೊತೆಗೆ ವರ್ಷ ಇದ್ದರೆ ಖುಷಿ ಪಡಿ. ಆದರೆ ಕೆಳಗಿನ ಸಾಲಿನಲ್ಲಿ 1805, ನೀರುಗುರುತಿನಲ್ಲಿ 1820ರ ಆಚೆ ಅಂತಿದ್ದರೆ ಅದು ಹಳೇ ತಗಡಿನಿಂದ ಆಮೇಲೆ ತೆಗೆದ ಪ್ರತಿ. ನಕಲಿ ಅಲ್ಲ, ಆದರೆ ಮೊದಲ ಮುದ್ರಣದ ಬೆಲೆಯೂ ಅಲ್ಲ. ತಾಮ್ರ ಮೆತ್ತಗಿನ ಲೋಹ. ಒತ್ತಿದಷ್ಟೂ ಗೆರೆ ಸವೆಯುತ್ತದೆ. ತಡವಾಗಿ ತೆಗೆದ ಪ್ರತಿಯಲ್ಲಿ ನೆರಳುಗಳು ಮಂಕಾಗಿರುತ್ತವೆ.

ಇನ್ನೊಂದು ಅಗ್ಗದ ಸಲಕರಣೆ: ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚ್. ಕತ್ತಲಲ್ಲಿ ಕಾಗದದ ಮೇಲೆ ಬಿಡಿ. ಈಗಿನ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಹಾಕುತ್ತಾರೆ, ಅದು ನೀಲಿಯಾಗಿ ಹೊಳೆಯುತ್ತದೆ. ಇದು ಬಳಕೆಗೆ ಬಂದದ್ದು 1950ರ ಆಸುಪಾಸಿನಲ್ಲಿ. ಚಹಾ ಡಿಕಾಕ್ಷನ್ನಿನಲ್ಲಿ ಅದ್ದಿ ಹಳತು ಮಾಡಿದ 'ನೂರೈವತ್ತು ವರ್ಷದ' ಕಾಗದ ನೀಲಿಯಾಗಿ ಮಿಂಚಿದರೆ ಅರ್ಥ ಗೊತ್ತಲ್ಲ. ಹೊಳೆಯದಿದ್ದರೆ ಮಾತ್ರ ಅಸಲಿ ಅಂತ ಕುಣಿಯಬೇಡಿ. ಹಳೆಯ ಖಾಲಿ ಕಾಗದ ಹುಡುಕಿ ಅಚ್ಚು ಹಾಕುವವರೂ ಇದ್ದಾರೆ.

ಒಂದು ಮಾತು ಸೇರಿಸಬೇಕು. 1950-60ರ ದಶಕದ ಕ್ಯಾಲೆಂಡರ್ ಚಿತ್ರಗಳಲ್ಲಿ ಯಂತ್ರದ ಚುಕ್ಕೆ ಇರುವುದು ಸಹಜ. ಆ ಕಾಲಕ್ಕೆ ಅದೇ ಅಸಲಿ. ಲೆನ್ಸ್ ಉತ್ತರಿಸುವುದು ಒಂದೇ ಪ್ರಶ್ನೆಗೆ: ಮಾರುವವನು ಹೇಳಿದ ಕಾಲಕ್ಕೂ ಅಚ್ಚಿನ ಬಗೆಗೂ ತಾಳೆ ಆಗುತ್ತದೆಯೇ?

ಹಂತ 5: ಎಲ್ಲಿ ಕೊಳ್ಳಬೇಕು

ಕಲ್ಲಚ್ಚಿಗೆ ಕಾರೈಕುಡಿಯ ಮುನೀಶ್ವರನ್ ಕೋಯಿಲ್ ಬೀದಿ, ಮುಂಬಯಿಯ ಚೋರ್ ಬಜಾರ್, ಕೊಚ್ಚಿಯ ಜ್ಯೂ ಟೌನ್ ಹಳೆಯ ನೆಲೆಗಳು. ಕಾರೈಕುಡಿಯಲ್ಲಿ ಚೆಟ್ಟಿನಾಡಿನ ಮಹಾಮನೆಗಳಿಂದ ಬಂದ ಸಾಮಾನು ಸಿಗುತ್ತದೆ, ತೇಗದ ಚೌಕಟ್ಟಿನ ಸಮೇತ. ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಸಂತೆಯಲ್ಲಿ ಅದೃಷ್ಟ ಬೇಕು. ಬೆಳಿಗ್ಗೆ ಬೇಗ ಹೋಗಬೇಕು. ಎಲ್ಲಕ್ಕಿಂತ ಒಳ್ಳೆಯ ಜಾಗ ನಿಮ್ಮ ಅಜ್ಜಿ ಮನೆಯ ಅಟ್ಟ. ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ ಕೊಪ್ಪರಿಗೆಗೆ ಜಗಳ ಆಡುತ್ತಾರೆ, ಹೊಗೆ ಹಿಡಿದ ಫೋಟೋ ಯಾರಿಗೂ ಬೇಡ. ಅದನ್ನು ಕೇಳಿ ಪಡೆಯಿರಿ.

ಇಂಗ್ಲಿಷ್ ಮುದ್ರಣಗಳು ಇಲ್ಲಿಗಿಂತ ಲಂಡನ್ನಿನಲ್ಲೇ ಸುಲಭ. ಅಲ್ಲಿರುವ ಕನ್ನಡಿಗರಿಗೆ ಮುದ್ರಣ ವ್ಯಾಪಾರಿಗಳೂ ಸಣ್ಣ ಊರುಗಳ ಹರಾಜುಗಳೂ ಹತ್ತಿರ. ಬಿಡಿ ಹಾಳೆಗಳಲ್ಲಿ ಬಹುಪಾಲು ಯಾವುದೋ ಪುಸ್ತಕದಿಂದ ಬಿಡಿಸಿ ತೆಗೆದವು. ನೂರು ವರ್ಷದ ಹಿಂದೆಯೇ ಬಿಡಿಯಾದದ್ದು ಬೇರೆ. ಚೆನ್ನಾಗಿರುವ ಪುಸ್ತಕವನ್ನು ಈಗ ಹರಿದು ಮಾರುವವನಿಂದ ನಾನಂತೂ ಕೊಳ್ಳುವುದಿಲ್ಲ.

ಹರಾಜಿನಲ್ಲಿ ಕೂಗಿದ ಬೆಲೆ ಕೊನೆಯ ಬೆಲೆಯಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಕಮಿಷನ್, ಅದಕ್ಕೆ ತೆರಿಗೆ, ಸಾಗಣೆ ಸೇರುತ್ತವೆ. ಕಮಿಷನ್ ಕಾಲುಭಾಗದವರೆಗೂ ಹೋಗಬಹುದು. ನಿಯಮದ ಪುಟ ಮೊದಲು ಓದಿ, ಒಟ್ಟು ಎಷ್ಟಾಗುತ್ತದೆ ಅಂತ ಕಾಗದದ ಮೇಲೆ ಬರೆದುಕೊಂಡು ಆಮೇಲೆ ಕೂಗಿ.

ಬೆಲೆ ಇಳಿಸುವ ದೋಷಗಳು ಇವು: ಕತ್ತರಿಸಿದ ಅಂಚು, ಹರಿದು ಅಂಟಿಸಿದ್ದು, ಕಂದು ಚುಕ್ಕೆ, ನೀರಿನ ಕಲೆ, ಹಲಗೆಗೆ ಅಂಟಿಸಿರುವುದು, ಆಮೇಲೆ ಬಳಿದ ಬಣ್ಣ. ಮೊದಮೊದಲು ಐದು ಸಾವಿರದ ಒಳಗೆ ಮಿತಿ ಹಾಕಿಕೊಳ್ಳಿ. ದೋಷ ಇರುವ ಅಸಲಿಯೇ ಆಗಲಿ. ಮುರಿದ ಅಂಚಿನ ಸರಸ್ವತಿಯನ್ನು ವರ್ಷವಿಡೀ ನೋಡಿದರೆ ಕಲಿಯುವುದು ಬಹಳ ಇದೆ.

ಹಂತ 6: ಮೂಲ ಚಿತ್ರ ಕೊಳ್ಳುವುದು

ಇಲ್ಲಿ ನನ್ನ ಸಲಹೆ ನೇರ. ಬದುಕಿರುವ ಕಲಾವಿದರಿಂದಲೇ ಶುರು ಮಾಡಿ. ಅಸಲಿಯೋ ನಕಲಿಯೋ ಎಂಬ ತಲೆನೋವೇ ಇಲ್ಲ, ಬರೆದವರು ಎದುರಿಗೇ ನಿಂತಿರುತ್ತಾರೆ.

ಚಿತ್ರಕಲಾ ಪರಿಷತ್ತು 2003ರಿಂದ ನಡೆಸುತ್ತಿರುವ ಚಿತ್ರಸಂತೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಸಾಮಾನ್ಯವಾಗಿ ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯ ಎರಡೂ ಬದಿ ಚಿತ್ರಗಳೇ. ಮಧ್ಯಾಹ್ನದ ನೂಕುನುಗ್ಗಲಿನಲ್ಲಿ ಚಿತ್ರ ನೋಡಲಾಗುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಹೊತ್ತು ಏರುವ ಮೊದಲೇ ಹೋಗಿ ಒಂದು ಸುತ್ತು ಪೂರ್ತಿ ಮಾಡಿ, ಏನೂ ಕೊಳ್ಳಬೇಡಿ. ಎರಡನೇ ಸುತ್ತಿನಲ್ಲಿ ಯಾವುದು ನೆನಪಿಗೆ ಬಂತೋ ಅದರ ಹತ್ತಿರ ಹೋಗಿ. ಅವತ್ತೇ ಕೊಳ್ಳದಿದ್ದರೂ ಕಲಾವಿದರ ಫೋನ್ ನಂಬರ್ ತಗೊಳ್ಳಿ. ಸ್ಟುಡಿಯೋದಲ್ಲಿ ಆರಾಮಾಗಿ ಕೂತು ನೋಡಿದ ಚಿತ್ರವೇ ಮನೆಯಲ್ಲಿ ಉಳಿಯುವುದು.

ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜು (ಕಾವಾ), ಬೆಂಗಳೂರಿನ ಕೆನ್ ಕಲಾ ಶಾಲೆ, ಚಿತ್ರಕಲಾ ಪರಿಷತ್ತಿನ ಕಾಲೇಜು, ಧಾರವಾಡ, ಗದಗ, ಕಲಬುರಗಿಯ ಕಲಾಶಾಲೆಗಳ ವಿದ್ಯಾರ್ಥಿ ಪ್ರದರ್ಶನಗಳನ್ನು ಬಿಡಬೇಡಿ. ಮುದ್ರಣಕಲೆ ವಿಭಾಗದವರ ಎಚ್ಚಿಂಗ್, ಮರದಚ್ಚುಗಳಿಗೆ ಬೆಲೆ ಕಡಿಮೆ, ಕೆಲಸ ಅಪ್ಪಟ. ಕೆಳಗೆ ಪೆನ್ಸಿಲಿನಲ್ಲಿ 5/25 ಅಂತ ಬರೆದಿದ್ದರೆ ಇಪ್ಪತ್ತೈದು ಪ್ರತಿಗಳಲ್ಲಿ ಇದು ಐದನೆಯದು ಎಂದರ್ಥ. ಆದರೆ ಇಂಕ್‌ಜೆಟ್ ಪ್ರತಿಗೂ ಇದೇ ಥರ ನಂಬರ್, ಸಹಿ ಹಾಕಿ ಮಾರುತ್ತಾರೆ. ಲೆನ್ಸ್ ಅಲ್ಲೂ ಹೊರಗೆ ಬರಲಿ.

ಚೌಕಾಸಿ ಬಗ್ಗೆ ಒಂದು ಮಾತು. ಹುಣಸೆಹಣ್ಣಿನ ಹಾಗೆ ಚಿತ್ರಕ್ಕೆ ಚೌಕಾಸಿ ಮಾಡಬೇಡಿ. ದುಡ್ಡು ಕಡಿಮೆ ಇದ್ದರೆ ಅದನ್ನೇ ಹೇಳಿ ಚಿಕ್ಕ ಅಳತೆಯದು, ರೇಖಾಚಿತ್ರ, ಕಾಗದದ ಮೇಲಿನ ಕೆಲಸ ಕೇಳಿ. ಕಂತಿನಲ್ಲಿ ಕೊಡಲು ಒಪ್ಪುವ ಕಲಾವಿದರೂ ಇದ್ದಾರೆ.

ಮೈಸೂರು ಶೈಲಿಯ ಚಿತ್ರ ಕೊಳ್ಳುವವರಿಗೆ ಬೇರೆ ಪರೀಕ್ಷೆ ಇದೆ. ತಂಜಾವೂರಿನದರಲ್ಲಿ ಉಬ್ಬು ಜಾಸ್ತಿ, ಗಾಜಿನ ಕಲ್ಲು ಜಾಸ್ತಿ. ಮೈಸೂರಿನದರಲ್ಲಿ ಉಬ್ಬು ತೆಳು, ಗೆರೆ ನವಿರು. ಆಭರಣದ ಸರ, ಸೀರೆಯ ಅಂಚು ಬೆರಳಿಗೆ ಹತ್ತುತ್ತದೋ ಇಲ್ಲವೋ ಅನ್ನುವಷ್ಟೇ ಉಬ್ಬಿರಬೇಕು. ಚಿನ್ನದ ರೇಕು ನಿಜವಾದ್ದಾದರೆ ಕಪ್ಪಾಗುವುದಿಲ್ಲ. ಹಿತ್ತಾಳೆ ಬಣ್ಣದ ಬೇಗಡೆ ಕೆಲ ವರ್ಷಗಳಲ್ಲೇ ಮಂಕಾಗುತ್ತದೆ, ಹಸಿರು ತಿರುಗುತ್ತದೆ. ಬಿಲ್ಲಿನಲ್ಲಿ ಚಿನ್ನದ ರೇಕು ಅಂತ ಬರೆಸಿಕೊಳ್ಳಿ. ಬರೆದುಕೊಡಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ಅದೇ ಉತ್ತರ.

ತೀರಿಕೊಂಡ ದೊಡ್ಡವರ ಚಿತ್ರ, ಉದಾಹರಣೆಗೆ ಕೆ.ಕೆ. ಹೆಬ್ಬಾರ್ ಅಥವಾ ಬೆಂಗಳೂರಿನ ಹೂಮರಗಳನ್ನು ಬಣ್ಣದಲ್ಲಿ ಮುಳುಗಿಸಿದ ರುಮಾಲೆ ಚನ್ನಬಸವಯ್ಯ, ಯಾರಾದರೂ ಅಗ್ಗಕ್ಕೆ ತಂದುಕೊಟ್ಟರೆ ಸಂಶಯ ಪಡುವುದೇ ಮರ್ಯಾದೆ. ಮೊದಲು ಯಾರ ಹತ್ತಿರ ಇತ್ತು, ಯಾವ ಪ್ರದರ್ಶನದಲ್ಲಿತ್ತು, ಹಳೇ ಬಿಲ್ಲು, ಪತ್ರ, ಫೋಟೋ ಇದೆಯೇ ಅಂತ ಕೇಳಿ. ಚಿತ್ರ ತಿರುಗಿಸಿ ಹಿಂಭಾಗ ನೋಡಿ. ಕ್ಯಾನ್ವಾಸಿನ ಬಟ್ಟೆ, ಮೊಳೆಯ ತುಕ್ಕು, ಗ್ಯಾಲರಿಯ ಚೀಟಿ ಇವೆಲ್ಲ ಸಹಿಗಿಂತ ನಂಬಿಕಸ್ಥ ಸಾಕ್ಷಿ. ಸಹಿಯನ್ನು ಯಾರು ಬೇಕಾದರೂ ಹಾಕಬಹುದು ಅಲ್ವಾ?

ಇನ್ನೊಂದು: ಚಿತ್ರ ನಿಮ್ಮದಾದರೂ ಅದನ್ನು ಮತ್ತೆ ಅಚ್ಚು ಹಾಕುವ ಹಕ್ಕು ಕಲಾವಿದರದೇ. ಅವರು ತೀರಿದ ಮೇಲೂ 60 ವರ್ಷ ಅದು ವಾರಸುದಾರರಿಗೆ ಉಳಿಯುತ್ತದೆ.

ಹಂತ 7: ಕಾನೂನು

1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಚಿತ್ರ, ಕಲಾಕೃತಿ ಪುರಾವಸ್ತು. ಅಂಥ ವರ್ಣಚಿತ್ರ, ಚಿತ್ರಗಳಿರುವ ಹಸ್ತಪ್ರತಿ ಮನೆಯಲ್ಲಿದ್ದರೆ ನೋಂದಣಿ ಅಧಿಕಾರಿಯ ಬಳಿ ದಾಖಲಿಸಬೇಕು. ವ್ಯಾಪಾರ ಮಾಡುವವರಿಗೆ ಲೈಸೆನ್ಸ್ ಬೇಕು. ನೋಂದಣಿ ಪತ್ರ ಇದ್ದರೆ ಅದನ್ನೂ ಕೊಂಡವರ ಹೆಸರಿಗೆ ಮಾಡಿಸಿಕೊಳ್ಳಿ.

ಪುರಾವಸ್ತುವನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿರುವ ಮಗ ಅಜ್ಜನ ಮನೆಯ ಹಳೇ ಮೈಸೂರು ಚಿತ್ರವನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೊರಟರೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವುದು ಖಂಡಿತಾ ತಮಾಷೆಯಲ್ಲ. ವಯಸ್ಸಿನ ಬಗ್ಗೆ ಅನುಮಾನ ಇದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯಿಂದ ಇದು ಪುರಾವಸ್ತು ಅಲ್ಲ ಎಂಬ ಪ್ರಮಾಣಪತ್ರ ಪಡೆದೇ ಹೊರಡಬೇಕು. ಹಳೆಯ ಕಲ್ಲಚ್ಚಿಗೂ ಇದೇ ಎಚ್ಚರ ವಹಿಸಿ. ಇದರ ಜೊತೆಗೆ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ನಿಕೊಲಸ್ ರೋರಿಕ್ ಸೇರಿ ಒಂಬತ್ತು ಕಲಾವಿದರ ಕೃತಿಗಳು ಕಲಾನಿಧಿಗಳು. ಅವಕ್ಕೆ ನೂರು ವರ್ಷ ಆಗಿರಬೇಕೆಂದೂ ಇಲ್ಲ.

ದೇವಸ್ಥಾನದ ಗೋಡೆಯಿಂದ ಕಿತ್ತದ್ದು, ಮಠದ ಗ್ರಂಥದಿಂದ ಹರಿದ ಹಾಳೆ, ಇಂಥದ್ದು ಬಂದರೆ ಬೆಲೆಯನ್ನೂ ಕೇಳಬೇಡಿ.

ಹಂತ 8: ಕಟ್ಟು ಹಾಕಿಸುವುದು

ನೂರು ವರ್ಷ ಬದುಕಿದ ಚಿತ್ರವನ್ನು ಒಂದು ಮಧ್ಯಾಹ್ನದಲ್ಲಿ ಕೊಲ್ಲುವ ಜಾಗ ಯಾವುದು ಅಂದರೆ ಬೀದಿ ಬದಿಯ ಫ್ರೇಮ್ ಅಂಗಡಿ. ಅವರ ತಪ್ಪಲ್ಲ, ಅವರಿಗೆ ಮದುವೆ ಫೋಟೋ ಕಟ್ಟಿ ಅಭ್ಯಾಸ. ಕಾಗದಕ್ಕೆ ಅಂಟು ಬಳಿದು ಪ್ಲೈವುಡ್ಡಿಗೆ ಒತ್ತುತ್ತಾರೆ, ಫ್ರೇಮಿಗೆ ಹೊಂದದ ಅಂಚು ಕತ್ತರಿಸುತ್ತಾರೆ, 'ಚೆನ್ನಾಗಿ ಬಾಳಿಕೆ ಬರುತ್ತೆ ಸಾರ್' ಅಂತ ಲ್ಯಾಮಿನೇಷನ್ ಮಾಡುತ್ತಾರೆ. ಲ್ಯಾಮಿನೇಷನ್ ಆದ ಚಿತ್ರ ಮುಗಿದ ಹಾಗೆ.

ಅಂಗಡಿಗೆ ಹೋಗುವಾಗ ಚೀಟಿಯಲ್ಲಿ ಬರೆದು ಕೊಡಿ: ಅಂಟಿಸಬಾರದು, ಕತ್ತರಿಸಬಾರದು, ಸೆಲ್ಲೋಟೇಪ್ ಬಾರದು. ಮೌಂಟ್ ಬೋರ್ಡ್ ಆಮ್ಲರಹಿತವಾಗಿರಬೇಕು, ಹತ್ತಿಯ ನಾರಿನದಾದರೆ ಉತ್ತಮ. ಚಿತ್ರದ ಮೇಲಂಚಿಗೆ ಮಾತ್ರ ತೆಳು ಜಪಾನಿ ಕಾಗದದ ಎರಡು ಪಟ್ಟಿಗಳನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ತೂಗುಬಿಡಬೇಕು. ಈ ಅಂಟು ಮುಂದೆ ನೀರಿನಲ್ಲಿ ಬಿಡುತ್ತದೆ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಮೌಂಟಿನ ದಪ್ಪದಷ್ಟು ಗಾಳಿ ಬೇಕು. ದುಡ್ಡು ಇದ್ದರೆ ಅತಿನೇರಳೆ ಕಿರಣ ತಡೆಯುವ ಗಾಜು ಹಾಕಿಸಿ.

ಹಳೇ ಚೌಕಟ್ಟು ಗಟ್ಟಿ ಇದ್ದರೆ ಎಸೆಯಬೇಡಿ. ಹಿಂದಿನ ಕೊಳೆತ ಹಲಗೆ ಮಾತ್ರ ಬದಲಿಸಿ. ಹಲಗೆ ತೆಗೆಯುವ ಮೊದಲು ಅದರ ಮೇಲಿನ ಹಳೇ ಅಂಗಡಿ ಚೀಟಿಯ ಫೋಟೋ ತೆಗೆಯಿರಿ, ಆಗುವುದಾದರೆ ಚೀಟಿಯನ್ನೂ ಉಳಿಸಿ.

ಹರಿದದ್ದು, ಬೂಷ್ಟು ಹಿಡಿದದ್ದು, ಹಲಗೆಗೆ ಅಂಟಿಕೊಂಡದ್ದು ಸಿಕ್ಕರೆ ಮನೆಮದ್ದು ಬೇಡ. ಯೂಟ್ಯೂಬ್ ನೋಡಿ ಬ್ಲೀಚ್ ಹಾಕಬೇಡಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರದಂಥ ತರಬೇತಿ ಪಡೆದವರ ಹತ್ತಿರ ಒಯ್ಯಿರಿ. ಮೈಸೂರು ಚಿತ್ರವನ್ನು ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ಗೋಂದಿನಲ್ಲಿ ಕಲಸಿದ ಬಣ್ಣ ಬಟ್ಟೆಗೆ ಬಂದುಬಿಡುತ್ತದೆ.

ಹಂತ 9: ಗೋಡೆಗೆ ಹಾಕುವುದು, ಕಾಪಾಡುವುದು

ಬಿಸಿಲು ಮೊದಲ ಶತ್ರು. ಮ್ಯೂಸಿಯಮ್ಮುಗಳಲ್ಲಿ ಕಾಗದದ ಚಿತ್ರಕ್ಕೆ 50 ಲಕ್ಸ್ ಬೆಳಕು ಸಾಕು ಅನ್ನುತ್ತಾರೆ. ನಮ್ಮ ಕಿಟಕಿ ಪಕ್ಕದ ಬೆಳಕು ಅದರ ಹತ್ತಾರು ಪಟ್ಟು. ಜಲವರ್ಣ, ಕೈಬಣ್ಣದ ಮುದ್ರಣಗಳನ್ನು ಒಳಗೋಡೆಗೆ ಹಾಕಿ, ವರ್ಷಕ್ಕೊಮ್ಮೆ ಅದಲುಬದಲು ಮಾಡಿ. ತೈಲಚಿತ್ರ ಸ್ವಲ್ಪ ಗಟ್ಟಿಗ, ಆದರೂ ನೇರ ಬಿಸಿಲು ಬೇಡ.

ಎರಡನೆಯದು ತೇವ. ಮಂಗಳೂರು, ಉಡುಪಿ, ಮಲೆನಾಡಿನವರು ಹೊರಗೋಡೆಗೆ ಚಿತ್ರ ಹಾಕುವುದನ್ನೇ ಬಿಡಬೇಕು. ಮಳೆಗಾಲದಲ್ಲಿ ಆ ಗೋಡೆ ನೀರು ಕುಡಿಯುತ್ತದೆ. ಬಚ್ಚಲ ಗೋಡೆಯ ಬೆನ್ನೂ ಬೇಡ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ರಬ್ಬರ್ ಗುಂಡಿ ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿ ಆಡುತ್ತದೆ. ಆಷಾಢ, ಶ್ರಾವಣದಲ್ಲಿ ಒಮ್ಮೆ ಇಳಿಸಿ ಹಿಂಭಾಗ ನೋಡಿ. ಬೆಳ್ಳಿಹುಳಕ್ಕೆ ಅಂಟು, ಗಂಜಿ ಅಂದರೆ ಪ್ರಾಣ. ಗೆದ್ದಲು ಗೋಡೆಯಿಂದಲೇ ನೇರ ಬರುತ್ತದೆ. ಬೇವಿನೆಲೆಯನ್ನು ಕಪಾಟಿನಲ್ಲಿ ಇಡಿ, ಫ್ರೇಮಿನೊಳಗೆ ತುರುಕಬೇಡಿ, ಕಲೆ ಬೀಳುತ್ತದೆ.

ಕಲ್ಲಚ್ಚಿನ ಲಕ್ಷ್ಮಿಯನ್ನು ದೇವರ ಮನೆಯಲ್ಲಿಡಬೇಕೇ ಅಂತ ಹಲವರು ಕೇಳುತ್ತಾರೆ. ಪೂಜೆಗೆ ಇಡುವುದಾದರೆ ಇಡಿ, ಅದು ಹುಟ್ಟಿದ್ದೇ ಅದಕ್ಕೆ. ಆದರೆ ದೀಪದ ಹೊಗೆ, ಕುಂಕುಮ, ಗಂಧ ನೇರವಾಗಿ ತಾಗದ ಹಾಗೆ ಗಾಜಿರಲಿ. ದೀಪ ಒಂದಡಿಯಾದರೂ ದೂರ ಇರಲಿ.

ಎತ್ತರದ ಬಗ್ಗೆ: ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಇರಲಿ. ನಮ್ಮಲ್ಲಿ ಬಾಗಿಲ ಮೇಲೆ, ಸೂರಿಗೆ ತಾಗಿಸಿ ಹಾಕುವ ರೂಢಿ. ಅಷ್ಟು ಎತ್ತರದಲ್ಲಿ ಲೆನ್ಸ್ ಹಿಡಿದು ಕೊಂಡ ಚುಕ್ಕೆಗಳನ್ನು ಯಾರು ನೋಡುತ್ತಾರೆ? ಭಾರದ ಚಿತ್ರಕ್ಕೆ ಎರಡು ಕೊಕ್ಕೆ ಹಾಕಿ. ಟೊಳ್ಳು ಇಟ್ಟಿಗೆಯ ಗೋಡೆಯಾದರೆ ಅದಕ್ಕೆ ಸರಿಯಾದ ಪ್ಲಗ್ ಕೇಳಿ ತನ್ನಿ.

ಹಂತ 10: ಬರೆದಿಡಿ

ಒಂದು ನೋಟ್‌ಬುಕ್ ಸಾಕು. ಚಿತ್ರ ಯಾವುದು, ಯಾರದು, ಮಾಧ್ಯಮ, ಅಳತೆ, ಎಲ್ಲಿ ಯಾವಾಗ ಎಷ್ಟಕ್ಕೆ ಕೊಂಡದ್ದು, ಇದ್ದ ದೋಷ. ಬಿಲ್ಲನ್ನು ಅಲ್ಲೇ ಅಂಟಿಸಿ. ಮುಂಭಾಗ, ಹಿಂಭಾಗ, ಸಹಿ, ನೀರುಗುರುತು ಇಷ್ಟರ ಫೋಟೋ ಮೊಬೈಲಿನಲ್ಲೂ ಇನ್ನೊಂದು ಕಡೆಯೂ ಇರಲಿ. ಅಜ್ಜಿ ಮನೆಯಿಂದ ಬಂದದ್ದಾದರೆ ಯಾರ ಕೋಣೆಯಲ್ಲಿತ್ತು, ಯಾರು ಜರಿ ಹೊಲಿದರು ಅಂತ ಗೊತ್ತಿರುವವರನ್ನು ಈಗಲೇ ಕೇಳಿ ಬರೆದುಕೊಳ್ಳಿ.

ಮನೆಯ ವಿಮೆ ಇದ್ದರೆ ಚಿತ್ರಗಳು ಅದರಲ್ಲಿ ಸೇರಿವೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಬೆಲೆಕಟ್ಟಿಸಿ ಬೇರೆಯಾಗಿ ಹೆಸರಿಸಿದರೆ ಮಾತ್ರ ಸೇರುತ್ತವೆ. ಮಾರುವಾಗಲೂ ಈ ನೋಟ್‌ಬುಕ್ ಬೇಕು. ಕುರ್ಚಿ, ಮೇಜಿನಂಥ ಸ್ವಂತ ಬಳಕೆಯ ವಸ್ತು ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ. ಚಿತ್ರಗಳಿಗೆ ಮಾತ್ರ ಆ ವಿನಾಯಿತಿ ಸಿಗುವುದಿಲ್ಲ. ಕೊಂಡ ಬೆಲೆಗೆ ಪುರಾವೆ ತೋರಿಸದಿದ್ದರೆ ಲಾಭದ ಲೆಕ್ಕ ನಿಮ್ಮ ವಿರುದ್ಧವೇ ಹೋಗುತ್ತದೆ. ಬಳುವಳಿಯಾಗಿ ಬಂದ ಚಿತ್ರಕ್ಕೆ ಹಿಂದಿನವರು ಕೊಟ್ಟ ಬೆಲೆಯೇ ಲೆಕ್ಕಕ್ಕೆ ಬರುವುದರಿಂದ, ಅಪ್ಪ ಅಮ್ಮನ ಹಳೇ ಬಿಲ್ಲುಗಳನ್ನೂ ಎಸೆಯಬೇಡಿ.